ಗಂಡಿಗೂ ಹೆಣ್ಣಿಗೂ ಒಪ್ಪುವ ಹೀಬ್ರೂ ಹೆಸರು: ಕನ್ನಡದ ಬಾಯಲ್ಲಿ ಕರೆದು ನೋಡಿ ಆರಿಸಿ

ನನ್ನ ತಂಗಿಯ ಗಂಡ ಇಸ್ರೇಲಿನ ಹೈಫಾ ಊರಿನವರು. ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಇಲ್ಲೇ ನೆಲೆ ನಿಂತರು. ತಂಗಿಗೆ ಏಳು ತಿಂಗಳು ತುಂಬಿದಾಗ ಗಂಡ ಹೆಂಡತಿ ಕೂತು ಮಾತಾಡಿದರು. ಮಗುವಿಗೆ ಹೀಬ್ರೂ ಹೆಸರು ಇಡೋಣ. ಆದರೆ ಸಾಗರದಲ್ಲಿರುವ ನಮ್ಮಮ್ಮ ಅದನ್ನು ತಡವರಿಸದೆ ಕರೆಯುವಂತಿರಬೇಕು. ಹೆರಿಗೆ ಬೆಂಗಳೂರಿನಲ್ಲೇ. 1994ರ ಕಾಯ್ದೆಯ ಪ್ರಕಾರ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ನಮ್ಮಲ್ಲಿ ಹೇಳುವ ಹಾಗಿಲ್ಲ. ಹಾಗಾಗಿ ಎರಡಕ್ಕೂ ಸಲ್ಲುವ ಒಂದೇ ಹೆಸರು ಹುಡುಕೋಣ ಅಂದರು.

ಪಟ್ಟಿಯ ಮೊದಲ ಹೆಸರು ಗಲ್. ಹೀಬ್ರೂನಲ್ಲಿ ಗಲ್ ಅಂದರೆ ಕಡಲಿನ ಅಲೆ. ಎಷ್ಟು ಚಂದ ಅಲ್ವಾ? ಫೋನಿನಲ್ಲಿ ಅಮ್ಮನಿಗೆ ಹೇಳಿದೆವು. ಅಮ್ಮ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು: “ಗಲ್ಲಿಗೆ ಹಾಲು ಕುಡಿಸಿದ್ಯಾ ಅಂತ ಕೇಳ್ಬೇಕಾ ನಾನು? ಬೇಡ ಕಣೆ. ನನ್ನ ಬಾಯಲ್ಲಿ ಆ ಮಾತು ಬರೋದಿಲ್ಲ.”

ಪಟ್ಟಿಯಲ್ಲಿ ಓದುವಾಗ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಕರೆಯಲು ಹೋದಾಗ ಮೊದಲ ಮಾತಿಗೇ ಹೊಳೆಯಿತು. ಆಮೇಲಿನ ಎರಡು ತಿಂಗಳು ನಾವು ಹೆಸರುಗಳನ್ನು ಕಣ್ಣಿನಿಂದ ನೋಡುವುದನ್ನು ಬಿಟ್ಟು, ಬಾಯಲ್ಲಿ ಕರೆದು ನೋಡಿ ಆರಿಸಿದೆವು. ಆ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯೂ ಎರಡು ದೇಶಗಳಲ್ಲಿ ಹಂಚಿಹೋಗಿರಬಹುದು. ನೀವು ಕರಾವಳಿಯ ಕ್ರೈಸ್ತ ಕುಟುಂಬದವರಾಗಿದ್ದು ಬೈಬಲ್ಲಿನ ಭಾಷೆಯಿಂದಲೇ ಹೊಸ ಹೆಸರು ಬೇಕು ಅನ್ನಿಸಿರಬಹುದು. ಇಸ್ರೇಲಿನಲ್ಲಿ ಹಿರಿಯರ ಆರೈಕೆಯ ಕೆಲಸ ಮಾಡುತ್ತಿರುವ ಮಂಗಳೂರು, ಉಡುಪಿ ಕಡೆಯವರು ಅಲ್ಲಿ ಕೇಳಿದ ಹೆಸರನ್ನು ಇಷ್ಟಪಟ್ಟಿರಬಹುದು. ಎಲ್ಲರಿಗೂ ಇದು ಕೆಲಸಕ್ಕೆ ಬರುತ್ತದೆ.

ಮೊದಲು ಭಾಷೆಗಳನ್ನು ಎಣಿಸಿ

“ಎಲ್ಲ ಭಾಷೆಗೂ ಒಪ್ಪಬೇಕು” ಅಂತ ಹೊರಟರೆ ಯಾವ ಹೆಸರೂ ಉಳಿಯುವುದಿಲ್ಲ. ನಿಮ್ಮ ಮಗುವನ್ನು ದಿನಾ ಕರೆಯುವವರು ಯಾರು, ಅವರ ಭಾಷೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಹಾಳೆಯಲ್ಲಿ ನಾಲ್ಕಿತ್ತು. ಅಮ್ಮನ ಕನ್ನಡ, ಹೈಫಾದ ಬೀಗಿತ್ತಿಯ ಹೀಬ್ರೂ, ಶಾಲೆಯ ಇಂಗ್ಲಿಷ್, ಅಪಾರ್ಟ್‌ಮೆಂಟಿನ ಮಕ್ಕಳ ಹಿಂದಿ. ಜರ್ಮನಿಗೋ ಸ್ಪೇನಿಗೋ ಹೋಗಿ ನೆಲೆಸುವ ಯೋಚನೆ ಇದ್ದರೆ ಅದನ್ನೂ ಸೇರಿಸಿ. ಐದಕ್ಕಿಂತ ಜಾಸ್ತಿ ಬೇಡ.

ಇಂಥ ಹೆಸರುಗಳು ಎಲ್ಲಿಂದ ಬಂದವು

ಬೈಬಲ್ಲಿನ ಹಳೆಯ ವ್ಯಕ್ತಿಗಳ ಹೆಸರುಗಳು ಹೆಚ್ಚಿನವು ಗಂಡಿಗೆ ಒಂದು, ಹೆಣ್ಣಿಗೆ ಒಂದು ಅಂತ ಖಚಿತವಾಗಿವೆ. ಇಬ್ಬರಿಗೂ ಸಲ್ಲುವ ಹೆಸರುಗಳು ಬಹುಪಾಲು ಈಚಿನವು. ಹೀಬ್ರೂ ಬಹಳ ಶತಮಾನ ಪ್ರಾರ್ಥನೆಗೂ ಓದಿಗೂ ಉಳಿದಿತ್ತು, ಮನೆಮಾತಾಗಿರಲಿಲ್ಲ. 1881ರಲ್ಲಿ ಎಲಿಯೆಜರ್ ಬೆನ್ ಯೆಹೂದಾ ಜೆರುಸಲೇಮಿಗೆ ಹೋಗಿ, ಮನೆಯಲ್ಲಿ ಹೀಬ್ರೂ ಒಂದನ್ನೇ ಆಡುತ್ತೇನೆ ಅಂತ ಹಟ ಹಿಡಿದರು. ಮುಂದೆ ಅದು ಮತ್ತೆ ಅಡುಗೆಮನೆಯ ಭಾಷೆಯಾಯಿತು. ಮಕ್ಕಳು ಆ ಭಾಷೆಯಲ್ಲೇ ಹುಟ್ಟಿ ಬೆಳೆದಂತೆ ಅಪ್ಪ ಅಮ್ಮಂದಿರು ಕಣ್ಣೆದುರಿನ ಸಾಮಾನ್ಯ ಪದಗಳನ್ನು ಎತ್ತಿ ಹೆಸರಿಟ್ಟರು. ಇಬ್ಬನಿ, ಅಲೆ, ತೊರೆ, ಬಾದಾಮಿ, ಬೆಳಕು. ಇಬ್ಬನಿಗೆ ಗಂಡು ಹೆಣ್ಣು ಅಂತ ಏನಿದೆ? ಹಾಗಾಗಿ ಹೆಸರೂ ಇಬ್ಬರಿಗೂ ನಡೆಯಿತು.

ನಮ್ಮಲ್ಲೂ ಹಾಗೇ. ಕಿರಣ್, ಶಶಿ, ಮಣಿ ಇವೆಲ್ಲ ಬೆಳಕು, ಚಂದ್ರ, ರತ್ನ. ಇಬ್ಬರಿಗೂ ಇಡುತ್ತೇವೆ. ಹೀಬ್ರೂನಲ್ಲಿ ಕೆರೆನ್ ಅಂದರೂ ಕಿರಣವೇ, ಆದರೆ ಅಲ್ಲಿ ಅದು ಹುಡುಗಿಯರ ಹೆಸರು.

ಹುಡುಕಲು ಶುರು ಮಾಡುವವರಿಗೆ ಕೆಲವು ಹೆಸರು ಕೊಡುತ್ತೇನೆ. ತಾಲ್ ಅಂದರೆ ಇಬ್ಬನಿ. ಇಸ್ರೇಲಿನಲ್ಲಿ ಬೇಸಿಗೆಯಿಡೀ ಮಳೆ ಇಲ್ಲ. ಗಿಡಗಳಿಗೆ ಇಬ್ಬನಿಯೇ ಆಸರೆ. ಯಹೂದಿಗಳ ಪಸ್ಕ ಹಬ್ಬದ ಮೊದಲ ದಿನ ಇಬ್ಬನಿಗಾಗಿಯೇ ಒಂದು ಪ್ರಾರ್ಥನೆ ಇದೆ. ಯುವಲ್ ಅಂದರೆ ತೊರೆ. ನೋವಮ್ ಅಂದರೆ ಹಿತ, ಸೌಮ್ಯತೆ. ಓರ್ ಬೆಳಕು. ಲಿಯೋರ್ ಅಂದರೆ ನನಗೆ ಬೆಳಕು. ಅಮಿತ್ ಜೊತೆಗಾರ. ಅದಿ ಆಭರಣ. ರೋನಿ ಅಂದರೆ ನನ್ನ ಹರ್ಷ, ನನ್ನ ಹಾಡು. ಶಖರ್ ನಸುಕು. ಶಕೆದ್ ಬಾದಾಮಿ. ರೋತೆಮ್ ಮರುಭೂಮಿಯಲ್ಲಿ ಬಿಳಿ ಹೂ ಬಿಡುವ ಒಂದು ಪೊದೆ, ಪ್ರವಾದಿ ಎಲೀಯ ದಣಿದು ಅದರ ನೆರಳಿನಲ್ಲೇ ಮಲಗಿದ. ಸ್ತಾವ್ ಶರತ್ಕಾಲ. ಯಾರ್ದೆನ್ ಜೋರ್ಡಾನ್ ನದಿ. ಕಾರ್ಮೆಲ್ ಹೈಫಾದ ಬೆಟ್ಟ. ಬೆಂಗಳೂರು ಮಂಗಳೂರಿನವರಿಗೆ ಈ ಕೊನೆಯ ಹೆಸರು ಕಾಲೇಜು, ಕಾನ್ವೆಂಟುಗಳಿಂದ ಮೊದಲೇ ಪರಿಚಯ.

ಒಂದು ಎಚ್ಚರಿಕೆ. ಇಬ್ಬರಿಗೂ ಸಲ್ಲುತ್ತದೆ ಅಂದ ಮಾತ್ರಕ್ಕೆ ತಕ್ಕಡಿ ಸಮ ಇರುತ್ತದೆ ಅಂತ ಅಲ್ಲ. ನೋವಮ್ ಹೆಚ್ಚಾಗಿ ಹುಡುಗರಲ್ಲಿ ಸಿಗುತ್ತದೆ. ಸ್ತಾವ್ ಹೆಚ್ಚಾಗಿ ಹುಡುಗಿಯರಲ್ಲಿ. ಯುವಲ್ ನಿಜವಾಗಿ ಎರಡೂ ಕಡೆ ಇದೆ. ಇತಿಹಾಸದ ಪುಸ್ತಕಗಳಿಂದ ಹೆಸರಾದ ಯುವಲ್ ನೋಹ ಹರಾರಿ ಗಂಡಸು. 2025ರ ಯುರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಇಸ್ರೇಲಿನ ಪರವಾಗಿ ಹಾಡಿ ಎರಡನೇ ಸ್ಥಾನ ಪಡೆದ ಯುವಲ್ ರಾಫೆಲ್ ಹೆಂಗಸು. ಹೀಬ್ರೂ ಆಡುವವರನ್ನು ಕೇಳುವಾಗ “ಇದು ಯುನಿಸೆಕ್ಸ್ ಹೆಸರಾ?” ಅನ್ನಬೇಡಿ. “ಈ ಹೆಸರಿನ ಯಾರನ್ನಾದರೂ ಬಲ್ಲಿರಾ? ಹುಡುಗನೋ ಹುಡುಗಿಯೋ?” ಅಂತ ಕೇಳಿ. ಆಗ ಸರಿಯಾದ ಉತ್ತರ ಬರುತ್ತದೆ.

ವಿಭಕ್ತಿ ಹಚ್ಚಿ ನೋಡಿ

ಇದೇ ನಮಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ ಹೆಜ್ಜೆ. ಇಂಗ್ಲಿಷಿನವರಿಗೆ ಹೆಸರು ಹೇಗಿದೆಯೋ ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದು ಕಡಿಮೆ. ಅದಕ್ಕೆ ಅನ್ನು, ಇಗೆ, ಇಂದ, ಅಲ್ಲಿ ಅಂಟಿಕೊಳ್ಳುತ್ತವೆ. ಆದ್ದರಿಂದ ಪ್ರತಿ ಹೆಸರನ್ನೂ ಮನೆಯ ಐದು ವಾಕ್ಯದಲ್ಲಿ ಹಾಕಿ ಜೋರಾಗಿ ಹೇಳಿ. “ಯುವಲ್‌ಗೆ ಊಟ ಆಯ್ತಾ?” “ಯುವಲ್‌ನ ಎತ್ಕೋ.” “ಯುವಲ್‌ದು ಅಂಗಿ ಎಲ್ಲಿ?” “ಯುವಲ್ ಹತ್ರ ಕೊಡು.” “ಯುವಲೂ, ಬಾ ಇಲ್ಲಿ!” ಈ ಐದರಲ್ಲಿ ಎಲ್ಲೂ ಎಡವದಿದ್ದರೆ ಹೆಸರು ಅರ್ಧ ಗೆದ್ದಂತೆ.

ನಮ್ಮ ಹಿರಿಯರ ಬಾಯಲ್ಲಿ ವ್ಯಂಜನದಲ್ಲಿ ನಿಲ್ಲುವ ಪದ ನಿಲ್ಲುವುದಿಲ್ಲ. ಕೊನೆಗೆ ಒಂದು ಉಕಾರ ತಾನಾಗಿ ಬರುತ್ತದೆ. ಬಸ್ಸು, ಕಾರು, ಪೆನ್ನು ಆದ ಹಾಗೆ ತಾಲ್ ಅನ್ನುವುದು ತಾಲು ಆಗುತ್ತದೆ, ಲಿಯೋರ್ ಲಿಯೋರು ಆಗುತ್ತದೆ. ಗಲ್ ಗಲ್ಲು ಆಗಿದ್ದೂ ಹೀಗೇ. ಇದು ತಪ್ಪಲ್ಲ, ನಮ್ಮ ಭಾಷೆಯ ನಡಿಗೆ. ಉಕಾರ ಸೇರಿದ ಮೇಲೂ ಹೆಸರು ಚಂದ ಇದೆಯಾ ಅಂತ ನೋಡಿಕೊಂಡರಾಯಿತು.

ಇನ್ನೊಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಕನ್ನಡದಲ್ಲಿ ಹೆಸರು ಅಕಾರದಲ್ಲಿ ಮುಗಿದರೆ ವಿಭಕ್ತಿಯೇ ಗಂಡು ಹೆಣ್ಣು ಹೇಳಿಬಿಡುತ್ತದೆ. ರಾಮನಿಗೆ, ಸವಿತಳಿಗೆ. ಅದೇ ಹೆಸರು ವ್ಯಂಜನದಲ್ಲೋ ಇಕಾರದಲ್ಲೋ ಮುಗಿದರೆ ಏನೂ ಹೇಳುವುದಿಲ್ಲ. ಕಿರಣ್‌ಗೆ, ಶಶಿಗೆ. ಹಾಗಾಗಿ ಎರಡಕ್ಕೂ ಸಲ್ಲುವ ಹೆಸರು ಕನ್ನಡದಲ್ಲೂ ಹಾಗೇ ಉಳಿಯಬೇಕಾದರೆ ತಾಲ್, ಯುವಲ್, ಅಮಿತ್ ತರಹ ವ್ಯಂಜನದಲ್ಲೋ, ರೋನಿ, ಅದಿ ತರಹ ಇಕಾರದಲ್ಲೋ ಮುಗಿಯುವುದು ಒಳ್ಳೆಯದು. ಲಿಯೋರ್‌ಗೆ ಕೊನೆಯಲ್ಲಿ ಆಕಾರ ಸೇರಿ ಲಿಯೋರಾ ಆದರೆ ಹೀಬ್ರೂನಲ್ಲೂ ಅದು ಹುಡುಗಿಯ ಹೆಸರು.

ಪದದ ನಡುವೆ ಎರಡು ಸ್ವರ ಒಟ್ಟಿಗೆ ಬಂದರೆ ಕನ್ನಡದ ಬಾಯಿ ಸಹಿಸುವುದಿಲ್ಲ. ಶಾಲೆಯಲ್ಲಿ ಆಗಮ ಸಂಧಿ ಓದಿದ್ದು ನೆನಪಿದೆಯಾ? ಇಕಾರದ ನಂತರ ಯ ಬರುತ್ತದೆ, ಓಕಾರದ ನಂತರ ವ ಬರುತ್ತದೆ. ಹೀಬ್ರೂನವರು ಲಿ ಮತ್ತು ಓರ್ ಸೇರಿಸಿ ಹೇಳುವುದನ್ನು ನಾವು ಲಿಯೋರ್ ಅನ್ನುತ್ತೇವೆ. ನೋ ಮತ್ತು ಅಮ್ ಸೇರಿಸಿದರೆ ನೋವಮ್ ಅನ್ನುತ್ತೇವೆ. ಮೇಲೆ ನಾನು ನೋವಮ್ ಅಂತ ಬರೆದದ್ದು ಅದಕ್ಕೇ. ಕನ್ನಡದಲ್ಲಿ ಬರೆಯುವಾಗ ಯ, ವ ಸೇರಿಸಿಯೇ ಬರೆಯಿರಿ. ನೋ ಪಕ್ಕ ಬರೀ ಅ ಇಟ್ಟು ಬರೆದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಕ್ಕೊಂದು ರೂಪ ಬರುತ್ತದೆ.

ಖೆನ್, ಶಖರ್ ಅನ್ನುವ ಹೆಸರುಗಳಲ್ಲಿ ಗಂಟಲಿನಿಂದ ಉಜ್ಜಿ ಬರುವ ಒಂದು ಧ್ವನಿ ಇದೆ. ನಮ್ಮ ಖ ಅದಕ್ಕೆ ಹತ್ತಿರ ಅಷ್ಟೇ, ಅದೇ ಅಲ್ಲ. ಉರ್ದು ಮಾತಾಡುವ ನೆರೆಯವರಿಗೆ ಅದು ಸುಲಭ. ಅವರ ಖಬರ್, ಖುಷಿಯಲ್ಲಿ ಇರುವುದು ಅದೇ ಧ್ವನಿ. ಉಳಿದವರ ಬಾಯಲ್ಲಿ ಖ ಹೋಗಿ ಕ ಆಗುತ್ತದೆ. ಶಖರ್ ನನಗೆ ತುಂಬಾ ಇಷ್ಟವಾದ ಹೆಸರು. ಆದರೆ ಅಮ್ಮ ಮೂರು ದಿನ ಪ್ರಯತ್ನಿಸಿ “ಶಕ್ಕರ್” ಅಂದರು, ಸಕ್ಕರೆ ನೆನಪಾಯಿತು. ಬೀಗಿತ್ತಿಗೆ ಅದು ನಸುಕು ಅಂತ ಕೇಳಲೇ ಇಲ್ಲ. ಬಿಟ್ಟೆವು.

ತ ಮತ್ತು ಟ, ದ ಮತ್ತು ಡ ಎರಡೆರಡು ನಮ್ಮಲ್ಲಿವೆ. ಹೀಬ್ರೂನಲ್ಲಿ ಆ ವ್ಯತ್ಯಾಸ ಇಲ್ಲ. ಯಾವುದು ಬರೆಯಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಅದಿ ಅಂತ ದಕಾರ ಹಾಕಿದರೆ ನಮ್ಮ ಆದಿಗೆ ಹತ್ತಿರ. ಅಡಿ ಅಂತ ಬರೆದರೆ ಕಾಲಡಿ. ಒಮ್ಮೆ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ.

ಅರ್ಥ ಎಲ್ಲಿ ಡಿಕ್ಕಿ ಹೊಡೆಯುತ್ತದೆ, ಎಲ್ಲಿ ಕೈ ಹಿಡಿಯುತ್ತದೆ

ನೋವಾ ಅನ್ನುವುದು ಇಸ್ರೇಲಿನಲ್ಲಿ ವರ್ಷಗಟ್ಟಲೆ ಹುಡುಗಿಯರ ಹೆಸರುಗಳ ತುದಿಯಲ್ಲಿತ್ತು. ಬೈಬಲ್ಲಿನ ಅರಣ್ಯಕಾಂಡ ಪುಸ್ತಕದಲ್ಲಿ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬೇಕು ಅಂತ ಮೋಶೆಯ ಮುಂದೆ ನಿಂತು ಕೇಳಿದ ಐವರು ಅಕ್ಕತಂಗಿಯರಲ್ಲಿ ಒಬ್ಬಳ ಹೆಸರದು. ನನಗೆ ಆ ಕಥೆ ಬಹಳ ಇಷ್ಟ. ಆದರೆ ಕನ್ನಡದಲ್ಲಿ “ನೋವಾ?” ಅಂದರೆ ನೋವಾಗುತ್ತಿದೆಯಾ ಅಂತ ಕೇಳಿದ ಹಾಗೆ. ಜೊತೆಗೆ ಹಡಗು ಕಟ್ಟಿದ ನೋಹನ ಹೆಸರೂ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಹೀಬ್ರೂನಲ್ಲಿ ಇವೆರಡೂ ಬೇರೆ ಬೇರೆ ಪದ, ಬೇರೆ ಅಕ್ಷರ. ಒಂದು ಚಲನೆ, ಒಂದು ವಿಶ್ರಾಂತಿ. ಇಂಗ್ಲಿಷಿನವರು ಇದನ್ನು ಇಬ್ಬರಿಗೂ ಸಲ್ಲುವ ಹೆಸರು ಅಂದುಕೊಳ್ಳುವುದು ಈ ಗೊಂದಲದಿಂದಲೇ.

ಯಾಮ್ ಅಂದರೆ ಕಡಲು. ಇಸ್ರೇಲಿನಲ್ಲಿ ಮಕ್ಕಳಿಗೆ ಇಡುತ್ತಾರೆ. ನಮ್ಮ ಮನೆಯಲ್ಲಿ ಯಮನ ಹೆಸರು ಹಿಡಿದು ಕೂಸನ್ನು ಕರೆಯಲು ಸಾಧ್ಯವಾ? ಬಾರ್ ಕೂಡ ಅಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಇದೆ. ಇಲ್ಲಿ ಆ ಬೋರ್ಡು ಎಲ್ಲಿ ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು. ಮಗು ಶಾಲೆಗೆ ಹೋಗುವ ಕಾಲ ನೆನೆದು ಇಂಥವನ್ನು ಬಿಡಿ.

ಇನ್ನು ಕೈ ಹಿಡಿಯುವ ಹೆಸರುಗಳು. ಇವುಗಳನ್ನು ಹುಡುಕುವುದೇ ಒಂದು ಸಂಭ್ರಮ. ನೆಟಾ ಅಂದರೆ ಹೀಬ್ರೂನಲ್ಲಿ ಎಳೆ ಸಸಿ, ನೆಡುವುದು ಅನ್ನುವ ಧಾತುವಿನಿಂದ ಬಂದದ್ದು. ಕನ್ನಡದಲ್ಲಿ ನೆಟ್ಟ ಸಸಿ. ಎರಡು ಭಾಷೆಗೂ ಸಂಬಂಧ ಇಲ್ಲ, ಆಕಸ್ಮಿಕ. ಆದರೂ ಅಮ್ಮನಿಗೆ ಹೇಳಿದಾಗ ಮುಖ ಅರಳಿತು. ಹಿಂದಿಯ ಮಕ್ಕಳು ಇದನ್ನು ನೇತಾ ಅಂತ ಓದುತ್ತಾರೆ, ಅದೊಂದೇ ತೊಡಕು. ಅಲ್ಲಿ ಇದು ಹುಡುಗಿಯರಲ್ಲೇ ಹೆಚ್ಚು.

ಅಗಮ್ ಅಂದರೆ ಹೀಬ್ರೂನಲ್ಲಿ ಕೆರೆ, ಸರೋವರ. ನಮಗೆ ಆಗಮ ಕೇಳುತ್ತದೆ. ಜೀವ್ ಅಂತ ನಮ್ಮ ಬಾಯಲ್ಲಿ ಬರುವ ಹೆಸರು ಹೀಬ್ರೂನಲ್ಲಿ ಹೊಳಪು. ಅವರ ಜ ಸ್ವಲ್ಪ ಸೀಳಿ ಬರುತ್ತದೆ, ನಮ್ಮಲ್ಲಿ ಅದು ಜೀವವೇ ಆಗಿಬಿಡುತ್ತದೆ. ಸ್ತಾವ್ ನಮಗೆ ಸ್ತವ, ಸ್ತುತಿ. ಗಿಲಿ ಅಂದರೆ ನನ್ನ ಆನಂದ. ನಮ್ಮಜ್ಜಿಯಂಥವರು ಗಿಳಿ ಅಂತಲೇ ಕರೆಯುತ್ತಾರೆ, ಮಗು ಮಾತು ಕಲಿಯುವಾಗ ಅದಕ್ಕಿಂತ ಮುದ್ದು ಹೆಸರು ಬೇಕಾ? ಖೆನ್ ಅಂದರೆ ಚೆಲುವು. ಇಂಗ್ಲಿಷ್ ಸ್ಪೆಲಿಂಗ್ ನೋಡಿ ನಮ್ಮವರು ಚೆನ್ ಅಂತ ಓದಿದರೂ ಚೆನ್ನ ಅಂತಲೇ ಆಗುತ್ತದೆ. ರೋನಿ ಕೇಳಿದ ಹಳ್ಳಿಯ ನೆಂಟರೊಬ್ಬರು ರೋಹಿಣಿ ಮಳೆಯನ್ನು ನೆನೆದರು. ಆಡುಮಾತಿನಲ್ಲಿ ಅದು ರೋಣಿ ಮಳೆ. ಮಂಗಳೂರಿನ ಕಡೆ ರೋನಿ ಮೊದಲೇ ಬಳಕೆಯಲ್ಲಿದೆ. ಅಲ್ಲಿ ಅದು ಗಂಡು ಹೆಸರು ಅನ್ನುವುದು ಗಮನದಲ್ಲಿರಲಿ.

ಆ ಕೊನೆಯ ಮಾತು ಮುಖ್ಯ. ಒಂದು ಭಾಷೆಯಲ್ಲಿ ಇಬ್ಬರಿಗೂ ಸಲ್ಲುವ ಹೆಸರು ಇನ್ನೊಂದರಲ್ಲಿ ಒಬ್ಬರ ಪಾಲಾಗಿರುತ್ತದೆ. ಅಮಿತ್ ಇದಕ್ಕೆ ಒಳ್ಳೆಯ ಉದಾಹರಣೆ. ಹೀಬ್ರೂನಲ್ಲಿ ಹುಡುಗಿಗೂ ಇಡುತ್ತಾರೆ. ಭಾರತದಲ್ಲಿ ಅಮಿತ್ ಅಂದರೆ ಅಳತೆಯಿಲ್ಲದವನು, ಗಂಡಸು ಅಂತಲೇ ಎಲ್ಲರ ಲೆಕ್ಕ. ಹುಡುಗಿಗೆ ಇಟ್ಟರೆ ಜೀವನವಿಡೀ ವಿವರಿಸುತ್ತಾ ಇರಬೇಕು. ಸಿವಾನ್ ಹೀಬ್ರೂ ಪಂಚಾಂಗದ ಒಂದು ತಿಂಗಳು, ಮೇ ಜೂನ್ ಹೊತ್ತಿಗೆ ಬರುತ್ತದೆ. ಅಲ್ಲಿ ಹೆಚ್ಚಾಗಿ ಹುಡುಗಿಯರ ಹೆಸರು. ತಮಿಳರಿಗೆ ಸಿವನ್ ಅಂದರೆ ಶಿವ. 2018ರಿಂದ 2022ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಸಿವನ್ ಅವರ ಹೆಸರು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಅದಿಯಲ್ಲಿ ಈ ತೊಡಕು ಇಲ್ಲ. ನಮ್ಮಲ್ಲಿ ಆದಿತ್ಯನೂ ಆದಿ, ಅದಿತಿಯೂ ಅದಿ. ಎರಡೂ ದೇಶದಲ್ಲಿ ಇಬ್ಬರಿಗೂ ಸಲ್ಲುವ ಹೆಸರು ನನಗೆ ಸಿಕ್ಕಿದ್ದು ಇದೊಂದೇ. ನಮ್ಮ ಮನೆಯಲ್ಲಿ ಆಗಲೇ ಒಬ್ಬ ಆದಿ ಇದ್ದಾನೆ, ಚಿಕ್ಕಪ್ಪನ ಮಗ. ಇಲ್ಲದಿದ್ದರೆ ಅದನ್ನೇ ಇಡಿ ಅನ್ನುತ್ತಿದ್ದೆ.

ಇಂಗ್ಲಿಷಿನ ಕಣ್ಣು, ಬೇರೆಯವರ ಕಿವಿ

ಇಂಗ್ಲಿಷಿನ ಸಮಸ್ಯೆ ಓದುವಾಗ ಬರುತ್ತದೆ. ಓರ್ ಅನ್ನುವುದು ವಾಕ್ಯದ ನಡುವೆ “ಅಥವಾ” ಆಗಿ ಕಾಣೆಯಾಗುತ್ತದೆ. ಹೀಬ್ರೂನಲ್ಲೂ ಅದಕ್ಕೊಂದು ಜೋಡಿ ಇದೆ. ಆಲೆಫ್ ಅಕ್ಷರದಿಂದ ಬರೆದರೆ ಬೆಳಕು, ಅಯಿನ್ ಅಕ್ಷರದಿಂದ ಬರೆದರೆ ಚರ್ಮ, ಕೇಳಲು ಎರಡೂ ಒಂದೇ. ಶಕೆದ್ ಅನ್ನು ಇಂಗ್ಲಿಷಿನವರು ಶೇಕ್ಡ್ ಅಂತ ಓದುತ್ತಾರೆ. ಚಳಿಗಾಲದ ಕೊನೆಯಲ್ಲಿ ಎಲ್ಲಕ್ಕಿಂತ ಮೊದಲು ಹೂ ಬಿಡುವ ಬಾದಾಮಿ ಮರ ಅವರಿಗೆ ಕಾಣುವುದೇ ಇಲ್ಲ. ಅರಿಯೆಲ್ ಹೀಬ್ರೂನಲ್ಲಿ ದೇವರ ಸಿಂಹ, ಜೆರುಸಲೇಮಿಗೂ ಕಾವ್ಯದಲ್ಲಿ ಆ ಹೆಸರಿದೆ. 1989ರಲ್ಲಿ ಬಂದ ಡಿಸ್ನಿ ಸಿನಿಮಾದ ಮತ್ಸ್ಯಕನ್ಯೆಯ ಹೆಸರು ಅದೇ ಆದ್ದರಿಂದ ಅಮೆರಿಕದಲ್ಲಿ ಹುಡುಗಿಯ ಹೆಸರು ಅಂತ ಗಟ್ಟಿಯಾಯಿತು. ಇಸ್ರೇಲಿನ ಪ್ರಧಾನಿಯಾಗಿದ್ದ ಅರಿಯೆಲ್ ಶರೋನ್ ಗಂಡಸು. ನಮ್ಮ ಮನೆಗಳಲ್ಲಿ ಏರಿಯಲ್ ಅಂದರೆ ಮೊದಲು ನೆನಪಾಗುವುದು ಬಟ್ಟೆ ಒಗೆಯುವ ಪುಡಿ.

ಎದೆನ್ ಹೆಸರಿಗೆ ಮೂರು ರೂಪ. ಹೀಬ್ರೂನವರು ಎದೆನ್ ಅಂತಾರೆ. ಕನ್ನಡ ಬೈಬಲ್ಲಿನಲ್ಲಿ ಏದೆನ್ ತೋಟ. ಕ್ರಿಕೆಟ್ ನೋಡುವವರಿಗೆ ಈಡನ್ ಗಾರ್ಡನ್ಸ್. ಮೂರೂ ಕಡೆ ಜನ ಪ್ರೀತಿಯಿಂದಲೇ ಹೇಳುತ್ತಾರೆ, ಹಾಗಾಗಿ ಉಚ್ಚಾರ ಬೇರೆಯಾದರೂ ತೊಂದರೆ ಇಲ್ಲ. ನನ್ನ ಕೇಳಿದರೆ, ಉಚ್ಚಾರ ಸ್ವಲ್ಪ ಸರಿದರೆ ಪರವಾಗಿಲ್ಲ, ಅರ್ಥ ಹೊಲಸಾಗಬಾರದು.

ಯುರೋಪಿನ ಭಾಷೆಗಳು ನಿಮ್ಮ ಹಾಳೆಯಲ್ಲಿದ್ದರೆ ಒಂದೆರಡು ಉದಾಹರಣೆ. ಪಾಜ್ ಹೀಬ್ರೂನಲ್ಲಿ ಅಪರಂಜಿ, ಬರೆದರೆ ಸ್ಪ್ಯಾನಿಷ್‌ನಲ್ಲಿ ಶಾಂತಿ. ಮೋರ್ ಹೀಬ್ರೂನಲ್ಲಿ ರಕ್ತಬೋಳ ಎಂಬ ಸುಗಂಧದ ಅಂಟು, ಹಿಂದಿಯಲ್ಲಿ ನವಿಲು, ಆದರೆ ಫ್ರೆಂಚರ ಕಿವಿಗೆ ಸಾವು. ರೋತೆಮ್ ಜರ್ಮನ್ನರಿಗೆ ಕೆಂಪು ಅನ್ನುವ ಪದದ ಒಂದು ರೂಪ, ಬೇಸರದ್ದೇನಲ್ಲ.

ಹೀಬ್ರೂ ಮನೆಯನ್ನೂ ಕೇಳಿ

ಇದನ್ನು ಮರೆಯಬೇಡಿ. ಅಂತರ್ಜಾಲದ ಪಟ್ಟಿಗಳಲ್ಲಿ ಅರ್ಥ ತಪ್ಪಿರುವುದು ಮಾಮೂಲಿ. ಹೆಸರನ್ನು ಹೀಬ್ರೂ ಅಕ್ಷರದಲ್ಲಿ ಬರೆಸಿಕೊಂಡು, ಯಾವ ಧಾತುವಿನಿಂದ ಬಂತು ಅಂತ ಬಲ್ಲವರನ್ನು ಕೇಳಿ. ಹೀಬ್ರೂನಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. ದಿನಬಳಕೆಯಲ್ಲಿ ಸ್ವರದ ಗುರುತು ಹಾಕುವುದಿಲ್ಲ. ಹಾಗಾಗಿ ಇಂಗ್ಲಿಷ್ ಸ್ಪೆಲಿಂಗ್ ನೋಡಿ ಅರ್ಥ ಊಹಿಸಿದರೆ ಎಡವುತ್ತೀರಿ.

ಮನೆಯ ಪದ್ಧತಿಯೂ ಇದೆ. ಅಶ್ಕೆನಾಜಿ ಯಹೂದಿಗಳಲ್ಲಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದವರಲ್ಲಿ, ತೀರಿಕೊಂಡ ಹಿರಿಯರ ಹೆಸರಿಡುತ್ತಾರೆ. ಬದುಕಿರುವವರ ಹೆಸರಿಡುವುದು ಅವರಿಗೆ ಸರಿ ಅನ್ನಿಸುವುದಿಲ್ಲ. ಸೆಫಾರ್ದಿಗಳಲ್ಲಿ, ಅಂದರೆ ಸ್ಪೇನ್, ಪೋರ್ಚುಗಲ್ ಮೂಲದವರಲ್ಲಿ, ಬದುಕಿರುವ ಅಜ್ಜ ಅಜ್ಜಿಯ ಹೆಸರಿಡುವುದು ಗೌರವ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ. ಅಶ್ಕೆನಾಜಿ ಮನೆಯಾದರೆ, ನೀವು ಪ್ರೀತಿಯಿಂದ ಆರಿಸಿದ ಹೆಸರು ಅಲ್ಲಿನ ಅಜ್ಜಿಯದ್ದೇ ಆಗಿದ್ದರೆ ಅವರಿಗೆ ಬೇಸರವಾಗಬಹುದು. ಹೆರಿಗೆಗೆ ಮೊದಲು ಹೆಸರು ಬಾಯಿಬಿಟ್ಟು ಹೇಳದ ಮನೆಗಳೂ ಅಲ್ಲಿ ಬಹಳ. ಹಾಗಿದ್ದರೆ “ಇದೇ ಹೆಸರು” ಅನ್ನಬೇಡಿ. ಹತ್ತು ಹೆಸರು ಮುಂದಿಟ್ಟು ಯಾವುದು ಬೇಡ ಅಂತ ಮಾತ್ರ ಕೇಳಿ. ನಾವು ಹಾಗೇ ಮಾಡಿದೆವು. ಬೀಗಿತ್ತಿ ಮೂರು ಹೊಡೆದುಹಾಕಿದರು, ಕಾರಣ ಕೇಳಲಿಲ್ಲ.

ಇನ್ನೊಂದು ತಿಳಿದಿರಲಿ. ಹೀಬ್ರೂನಲ್ಲಿ ಹೆಸರು ಗಂಡು ಹೆಣ್ಣು ಹೇಳದಿದ್ದರೂ ಮಾತು ಹೇಳುತ್ತದೆ. “ನೀನು” ಅನ್ನುವುದಕ್ಕೇ ಹುಡುಗನಿಗೆ ಅತಾ, ಹುಡುಗಿಗೆ ಅತ್. ಕ್ರಿಯಾಪದವೂ ಬದಲಾಗುತ್ತದೆ. ಕನ್ನಡದಲ್ಲಿ ನೀನು ಒಂದೇ, ಆದರೆ ಬಂದನು, ಬಂದಳು ಬೇರೆ. ಹಾಗಾಗಿ ಇಂಥ ಹೆಸರಿನಿಂದ ಮಗುವಿನ ಗುರುತು ಎಲ್ಲೂ ಮುಚ್ಚಿಹೋಗುವುದಿಲ್ಲ. ಕಷ್ಟ ಬರುವುದು ಬರೀ ಹೆಸರು ನೋಡಿ ತುಂಬುವ ಕಡೆ, ವಿಮಾನದ ಟಿಕೆಟ್ಟಿನಲ್ಲಿ ಶ್ರೀ ಅಥವಾ ಕುಮಾರಿ ಹಾಕುವಾಗ. ಅದನ್ನು ನೀವೇ ನೋಡಿಕೊಳ್ಳಬೇಕು.

ಒಂದು ವಾರ ಕರೆದು ನೋಡಿ

ಮೂರೋ ನಾಲ್ಕೋ ಹೆಸರು ಉಳಿದಾಗ ಒಂದೊಂದಕ್ಕೂ ಒಂದು ವಾರ ಕೊಡಿ. ಆ ವಾರವಿಡೀ ಹೊಟ್ಟೆಯಲ್ಲಿರುವ ಕೂಸನ್ನು ಅದೇ ಹೆಸರಿನಿಂದ ಕರೆಯಿರಿ. ಅಜ್ಜಿ ಕೂಗಿದ ಹಾಗೆ, ಟೀಚರ್ ಹಾಜರಿ ಕರೆದ ಹಾಗೆ, ಕೋಪದಲ್ಲಿ ಗದರಿದ ಹಾಗೆ. ಮುದ್ದಿನ ಹೆಸರು ತಾನಾಗಿ ಏನು ಹುಟ್ಟುತ್ತದೆ ಅಂತ ಗಮನಿಸಿ, ಏಕೆಂದರೆ ಮನೆಯಲ್ಲಿ ಉಳಿಯುವುದು ಅದೇ. ಹೆಸರಿನ ಜೊತೆ ಮನೆತನದ ಹೆಸರೂ ಸೇರಿಸಿ ಹೇಳಿ. ಬೇರೆ ಊರಿನ ನೆಂಟರಿಗೆ ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಅವರು ಬರೆದುಕೊಂಡು ವಾಪಸ್ ಕಳಿಸಲಿ. ಅವರು ಬರೆದದ್ದು ನೋಡಿದರೆ ಅರ್ಧ ಸಂಗತಿ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ತಾಲ್, ಲಿಯೋರ್, ಯುವಲ್ ಉಳಿದವು. ತಾಲ್ ತೀರಾ ಚಿಕ್ಕದು, ಫೋನಿನಲ್ಲಿ “ಹಾಂ? ಏನು?” ಅನ್ನುವವರೇ ಜಾಸ್ತಿ. ಲಿಯೋರ್ ಎಲ್ಲರಿಗೂ ಹಿಡಿಸಿತು, ಆದರೆ ಕರೆಯುವಾಗ ಅಮ್ಮ ಮತ್ತೆ ಮತ್ತೆ ಲಿಯೋರಾ ಅನ್ನುತ್ತಿದ್ದರು. ಯುವಲ್ ವಾರದ ಎರಡನೇ ದಿನವೇ ಯುವಿ ಆಗಿತ್ತು. ಕನ್ನಡದ, ಹಿಂದಿಯ ಕಿವಿಗೆ ಅದರಲ್ಲಿ ಯುವ ಕೇಳುತ್ತದೆ. ಬೈಬಲ್ಲಿನ ಮೊದಲ ಪುಸ್ತಕದಲ್ಲಿ ತಂತಿವಾದ್ಯ, ಕೊಳಲು ನುಡಿಸುವವರೆಲ್ಲರ ಮೂಲಪುರುಷನ ಹೆಸರು ಯುವಲ್. ಪ್ರವಾದಿ ಯೆರೆಮೀಯನ ಪುಸ್ತಕದಲ್ಲಿ ಇದೇ ಪದ ತೊರೆ ಅನ್ನುವ ಅರ್ಥದಲ್ಲಿ ಬರುತ್ತದೆ, ನೀರಿನ ಬಳಿ ನೆಟ್ಟ ಮರ ತೊರೆಯ ಕಡೆಗೆ ಬೇರು ಚಾಚುವ ಮಾತಿನಲ್ಲಿ. ತೊರೆ ಅಂತ ಹೇಳಿದ್ದೇ ಅಮ್ಮ ಕೇಳಿದರು: “ನಮ್ಮ ತೋಟದ ಕೆಳಗಿನ ಹಳ್ಳದ ಹಾಗಾ?” ಹೌದು ಅಂದೆವು.

ಕಾಗದದ ಕೆಲಸ

ಹೆಸರು ಗಟ್ಟಿಯಾದ ದಿನವೇ ಮೂರು ಲಿಪಿಯಲ್ಲೂ ಒಂದೇ ಹಾಳೆಯಲ್ಲಿ ಬರೆದಿಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ 21 ದಿನದೊಳಗೆ ಜನನವನ್ನು ತಿಳಿಸಬೇಕು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಆದರೆ ಹೆಸರಿಗೆ ಅಷ್ಟು ಅವಸರ ಇಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯಲ್ಲಿ ಫಾರಂ ಹಿಡಿದು ನಿಂತವರ ಒತ್ತಡಕ್ಕೆ ಸುಮ್ನೆ ಏನೋ ಒಂದು ಬರೆಸಬೇಡಿ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ, ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಸ್ಪೆಲಿಂಗನ್ನು ಅಕ್ಷರ ಅಕ್ಷರ ನೋಡಿ. ಒಂದು ಕಡೆ ವಿ, ಇನ್ನೊಂದು ಕಡೆ ಡಬ್ಲ್ಯೂ ಆದರೆ ಮುಂದೆ ಇಸ್ರೇಲಿನ ಕಾಗದಕ್ಕೂ ಇಲ್ಲಿನ ಕಾಗದಕ್ಕೂ ಹೊಂದುವುದಿಲ್ಲ. ಭಾರತೀಯ ಅಪ್ಪ ಅಮ್ಮನಿಗೆ ವಿದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ. ಅಲ್ಲೂ ಇದೇ ಹಾಳೆ ಇಟ್ಟುಕೊಂಡು ಹೋಗಿ.

ಕನ್ನಡದಲ್ಲಿ ಯುವಲ್ ಅಂತಲೋ ಯುವಾಲ್ ಅಂತಲೋ ಅನ್ನುವ ಪ್ರಶ್ನೆ ನಮ್ಮಲ್ಲಿ ಕೊನೆಯವರೆಗೂ ಇತ್ತು. ಹೀಬ್ರೂನಲ್ಲಿ ಹ್ರಸ್ವ ದೀರ್ಘ ಇಲ್ಲ. ಒತ್ತು ಮಾತ್ರ ಇದೆ, ಈ ಹೆಸರಿನಲ್ಲಿ ಅದು ಕೊನೆಯ ಭಾಗದ ಮೇಲೆ. ನಮ್ಮ ಕಿವಿಗೆ ಆ ಒತ್ತು ದೀರ್ಘದ ಹಾಗೆ ಕೇಳುತ್ತದೆ. ಯುವ ಉಳಿಯಲಿ ಅಂತ ಹ್ರಸ್ವವನ್ನೇ ಬರೆಸಿದೆವು.

ಹುಟ್ಟಿದ್ದು ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಅಮ್ಮ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಎಡಗಡೆ ಕನ್ನಡದಲ್ಲಿ ಬರೆದರು. ಅಳಿಯಂದಿರು ಅದೇ ಉಂಗುರ ತೆಗೆದುಕೊಂಡು ಬಲಗಡೆಯಿಂದ ಹೀಬ್ರೂನಲ್ಲಿ ಬರೆದರು. ಆಮೇಲೆ ಅಮ್ಮ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ಫೋನಿನ ಪರದೆಯಲ್ಲಿ ಹೈಫಾದಿಂದ ನೋಡುತ್ತಿದ್ದ ಬೀಗಿತ್ತಿ ಮೆಲ್ಲಗೆ ತಾವೂ ಒಮ್ಮೆ ಹೇಳಿದರು, ಕೊನೆಯನ್ನು ತುಸು ಎಳೆದು. ಅಮ್ಮ ಪರದೆ ಕಡೆ ನೋಡಿ ತಲೆಯಾಡಿಸಿದರು. ಮತ್ತೆ ಕೂಸಿನ ಕಿವಿಗೆ ಬಗ್ಗಿ, ನಾಲ್ಕನೇ ಸಲ ಅದೇ ಥರ ಎಳೆದು ಹೇಳಿದರು.